ಸ್ಟ್ರೇಂಜರ್ ಅಂದ್ರೆ ಬೈಗುಳಾನಾ?

ಪ್ರಶ್ನೆ: ನಮ್ಮ ಹೋಮ್‌ಸ್ಟೇಗೆ ಬಂದಿದ್ದ ಹುಡುಗ್ರು ಫೋನಲ್ಲಿ ಮಾತಾಡ್ತಾ ನಮ್ಮನ್ನ ಸ್ಟ್ರೇಂಜರ್ಸ್ ಅಂದ್ರು. ಸ್ಟ್ರೇಂಜ್ ಅಂದ್ರೆ ವಿಚಿತ್ರ ಅಲ್ವಾ? ನಾವೆಂತ ವಿಚಿತ್ರ ಇದೀವಿ? ಈ ಪದ ಬಂದಿದ್ದು ಎಲ್ಲಿಂದ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೈದಿದ್ದಲ್ಲ ಮಾರಾಯ್ರೆ, ಗುರುತಿಲ್ದೋರು ಅಂದಿದ್ದಷ್ಟೆ. ಇದ್ರ ಬೇರು ಲ್ಯಾಟಿನ್ನಿನ ಎಕ್ಸ್‌ಟ್ರಾ, ಹೋಟ್ಲಲ್ಲಿ ಎಕ್ಸ್‌ಟ್ರಾ ಚಟ್ನಿ ಕೇಳ್ತೀವಲ್ಲ ಅದೇ, ಅಲ್ಲಿ ಅದ್ರರ್ಥ ಹೊರಗೆ ಅಂತ. ಅದ್ರಿಂದ ಎಕ್ಸ್‌ಟ್ರೇನಿಯಸ್ ಹುಟ್ಟಿ, ಹಳೇ ಫ್ರೆಂಚಲ್ಲಿ ಸವೆದು ಎಸ್ಟ್ರಾಂಜ್ ಆಗಿ, 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ಮೇಲೆ ಫ್ರೆಂಚ್ ಪದಗಳು ರಾಶಿರಾಶಿ ನುಗ್ಗಿದ್ವಲ್ಲ, ಆ ಸಾಲಲ್ಲೇ ಇಂಗ್ಲಿಷಿಗೂ ಬಂತು. ಸ್ಟ್ರೇಂಜ್ ಅಂದ್ರೂ ಮೊದ್ಲು ಬೇರೆ ಕಡೆಯದು ಅಂತಲೇ, ವಿಚಿತ್ರ ಅನ್ನೋದು ಆಮೇಲೆ ಅಂಟ್ಕೊಂಡಿದ್ದು. ನಾವು ಘಟ್ಟದ ಕೆಳಗಿನೋರು, ಬಯಲುಸೀಮೆಯೋರು ಅಂತೀವಲ್ಲ, ಅದೂ ಬರೀ ಜಾಗದ ಲೆಕ್ಕವೇ, ಹೇಳೋ ರಾಗದಲ್ಲಿ ಮಾತ್ರ ಬೇರೆ ಏನೋ ಸೇರ್ಕೊಳ್ಳುತ್ತೆ! ಪರದೇಶಿ ಪದದ ಗತಿ ನೋಡಿ, ಬೇರೆ ದೇಶದೋನು ಹೋಗಿ ದಿಕ್ಕಿಲ್ದೋನು ಆಗ್ಬಿಟ್ಟ.

ನಂಗೆ ಇದಕ್ಕಿಂತ ಮಜಾ ಅನ್ಸೋದು ಗೆಸ್ಟ್. ಹಳೇ ಇಂಗ್ಲಿಷಲ್ಲಿ ಗೆಸ್ಟ್ ಅಂದ್ರೆ ಅತಿಥಿನೂ ಹೌದು, ಅಪರಿಚಿತನೂ ಹೌದು. ಅದೇ ಬೇರಿಂದ ಲ್ಯಾಟಿನ್ನಲ್ಲಿ ಹೋಸ್ಟಿಸ್ ಅಂತ ಆಯ್ತು, ಅರ್ಥ ಶತ್ರು. ‘ನಮ್ಮ ಹಿರಿಯರ ಕಾಲದಲ್ಲಿ ಈ ಪದಕ್ಕೆ ಹೊರಗಿನೋನು ಅಂತಷ್ಟೇ ಅರ್ಥ ಇತ್ತು’ ಅಂತ ಪ್ರಾಚೀನ ರೋಮಿನ ಹೆಸರಾಂತ ಮಾತುಗಾರ ಸಿಸೆರೊನೇ ಬರ್ದಿಟ್ಟಿದಾನೆ. ಇನ್ನೊಂದ್ಕಡೆ ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಎಲ್ಲಾ ಇದೇ ಬಳಗ. ಅಂದ್ರೆ ಗುರುತಿಲ್ದೋನು ಬಾಗಿಲಿಗೆ ಬಂದಾಗ ಊಟ ಹಾಕಿದ್ರೆ ಒಂದು ಪದ, ದೊಣ್ಣೆ ತಗೊಂಡ್ರೆ ಇನ್ನೊಂದು. ನೀವು ಹೋಮ್‌ಸ್ಟೇ ಇಟ್ಟಿದೀರಿ, ನಿಮ್ಮ ಪಾರ್ಟಿ ಯಾವ್ದು ಅಂತ ಹೇಳ್ಬೇಕಿಲ್ಲ.

ಪ್ರಶ್ನೆ: ನನ್ ಮಗ ಫಾರಿನ್ ಅಂತ ಬರೆಯೋವಾಗ ಜಿ ಬಿಟ್ಬಿಟ್ಟ. ಆ ಸ್ಪೆಲ್ಲಿಂಗಲ್ಲಿ ಜಿ ಯಾಕಿದೆ?
– ಓದುಗರು, ಸಾಗರ

ಉತ್ತರ: ಸುಮ್ನೆ! ಲ್ಯಾಟಿನ್ನಿನ ಫೋರಿಸ್, ಅಂದ್ರೆ ಬಾಗಿಲಾಚೆ, ಅದ್ರಿಂದ ಬಂದಿದ್ದು, ಅಲ್ಲಿ ಜಿ ಇಲ್ವೇ ಇಲ್ಲ. ರೇನ್ (ಮಳೆ ಅಲ್ಲ, ಆಳ್ವಿಕೆ), ಸಾವರಿನ್ (ದೊರೆ) ಥರದ ಜಿ ಇರೋ ಪದ ನೋಡಿ ಇದಕ್ಕೂ ತುರುಕಿದ್ರು. ನಮ್ಮ ದ್ವಾರ, ಅವ್ರ ಡೋರ್ ಇದ್ರ ದಾಯಾದಿಗಳು. ಫಾರೆಸ್ಟ್ ಕೂಡ ಇದ್ರದ್ದೇ ಕುಡಿ ಅಂತಾರೆ, ಹಿತ್ಲ ಬಾಗ್ಲು ತೆಗೆದ್ರೆ ಕಾಡು ಕಾಣೋ ನಮಗೆ ಅದನ್ನ ಬಿಡಿಸಿ ಹೇಳ್ಬೇಕಾ? ಜಿ ಬಿಟ್ಟ ಅಂತ ಮಗನ ಕಿವಿ ಮಾತ್ರ ಹಿಂಡ್ಬೇಡಿ.