ತಾರಸಿಯ ಕರಿ ಕಲೆ ಹೋಗುವುದು ಹೇಗೆ?

ಪ್ರಶ್ನೆ: ನಮ್ಮ ಆರ್‌ಸಿಸಿ ತಾರಸಿ ಮಳೆಗಾಲದಾಗ ಹಸಿರಾಗಿ ಜಾರತದ, ಬ್ಯಾಸಗ್ಯಾಗ ಕರ್ರಗಾಗತದ. ಆ್ಯಸಿಡ್ ಹಾಕಬಹುದೇನ್ರಿ?
– ಓದುಗರು, ಸಾಧನಕೇರಿ, ಧಾರವಾಡ

ಉತ್ತರ: ಆ್ಯಸಿಡ್ ಬೇಡವೇ ಬೇಡ. ಅದು ಸಿಮೆಂಟನ್ನೇ ತಿಂದು ಮೈ ಒರಟಾಗಿಸುತ್ತದೆ; ಮುಂದಿನ ಮಳೆಗೆ ಪಾಚಿ ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ.

ಹಸಿರು, ಕಪ್ಪು ಎರಡೂ ಬಹುಶಃ ಒಂದೇ ಪಾಚಿ, ಒಣಗಿದಾಗ ಕಪ್ಪಾಗಿದೆ. ಖಾತ್ರಿಗೆ, ಕಲೆಯ ಮೇಲೆ ನಾಲ್ಕು ಹನಿ ಬ್ಲೀಚಿಂಗ್ ನೀರು ಬಿಡಿ. ಕೆಲವೇ ನಿಮಿಷದಲ್ಲಿ ಬಣ್ಣ ತಿಳಿಯಾದರೆ ಪಾಚಿ ಅಥವಾ ಬೂಷ್ಟು. ಬದಲಾಗದಿದ್ದರೆ ಹೊಗೆಯ ಮಸಿಯೋ ಕಬ್ಬಿಣದ ತುಕ್ಕೋ ಇರಬೇಕು. ಅದಕ್ಕೆ ಬ್ಲೀಚಿಂಗ್ ದಂಡ. ಬಿಳಿ ಪುಡಿ ಉದುರಿದರೆ ಅದು ಉಪ್ಪು, ಒಳಗೆ ತೇವವಿದೆ ಎಂದರ್ಥ.

ಮೊದಲು ಒಣ ಕಸ ಗುಡಿಸಿ. ಮಳೆನೀರು ತೊಟ್ಟಿಗೆ ಹೋಗುವ ಪೈಪು ಬಿಚ್ಚಿಡಿ, ಇದನ್ನೇ ಹೆಚ್ಚಿನವರು ಮರೆಯುವುದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ 250 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕಲಸಿ, ಗಸಿ ಇಳಿದ ಮೇಲೆ ತಿಳಿನೀರನ್ನಷ್ಟೇ ಬಳಸಿ. ಹಳೆಯ, ಗಂಟುಗಟ್ಟಿದ ಪುಡಿಯಲ್ಲಿ ಸತ್ವ ಇರುವುದಿಲ್ಲ. ಬಿಸಿಲೇರುವ ಮೊದಲು ಸುರಿದು, 20 ನಿಮಿಷ ಒಣಗದಂತೆ ನೋಡಿಕೊಂಡು, ನೈಲಾನ್ ಬ್ರಷ್‌ನಿಂದ ತಿಕ್ಕಿ ಧಾರಾಳ ನೀರಲ್ಲಿ ತೊಳೆಯಿರಿ. ಕೈಗವಸು, ಕನ್ನಡಕ ಇರಲಿ. ಆ್ಯಸಿಡ್ ಬೆರೆತರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಮಂಗಳೂರು ಹಂಚಿನ ಮನೆಯವರು ಪ್ರೆಶರ್ ವಾಶರ್ ಹಿಡಿಯಬೇಡಿ. ಹಂಚು ಸರಿದು ಸೋರುತ್ತದೆ.

ಪಾಚಿ ಪ್ರತಿವರ್ಷ ಒಂದೇ ಜಾಗದಲ್ಲಿ ಬಂದರೆ ಅಲ್ಲಿ ನೀರು ನಿಲ್ಲುತ್ತಿದೆ. ಗಾರೆಯವರಿಂದ 100 ಅಡಿಗೆ ಕನಿಷ್ಠ 1 ಅಡಿ ಇಳಿಜಾರು ಮಾಡಿಸಿ.