ಗಾರೆಯೊಳಗಿನ ಇತಿಹಾಸ

"ಚಿತ್ರಕಲಾವಿದೆ ಹೆಲೆನ್ ಶೆರ್ಫ್‌ಬೆಕ್ ಲೇಖನ ಹಿಡಿಸಿತು. ಆದರೆ ಫಿನ್‌ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐದು ಮಂದಿ ಅಂದಿದ್ದೀರಿ. ಅಷ್ಟು ಜನಕ್ಕೆ ತಮ್ಮದೇ ಭಾಷೆಯಲ್ಲಿ ಕಲಾ ಇತಿಹಾಸ ಬೇಕಾ? ಇಂಗ್ಲಿಷಿನಲ್ಲಿ ಓದಿದರೆ ಸಾಲದೇ?"
– ಓದುಗರೊಬ್ಬರು, ಚೆನ್ನೈ

ನಮಸ್ಕಾರ. ಈ ಪ್ರಶ್ನೆ ಕೇಳಿದ್ದಕ್ಕೆ ನಿಜಕ್ಕೂ ಖುಷಿಯಾಯಿತು.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಅಲ್ಲಿ ಸ್ವೀಡಿಷ್ ಸುಮ್ನೆ ಮೂಲೆಗೆ ಬಿದ್ದ ಭಾಷೆಯಲ್ಲ. ಶತಮಾನಗಳ ಕಾಲ ಆಡಳಿತ, ಓದು-ಬರಹವೆಲ್ಲ ಅದರಲ್ಲೇ ಇತ್ತು. ಆಮೇಲೆ ಫಿನ್ನಿಷ್ ಬೆಳೆಯಿತು, ಬೆಳೆಯಲೇಬೇಕಿತ್ತು. ಆಗ ತಮ್ಮ ಭಾಷೆಗೊಂದು ನೆಲೆ ಬೇಕೆಂದು ಸ್ವೀಡಿಷ್ ಮಾತಾಡುವ ಜನ ದೇಣಿಗೆ ಕೂಡಿಸಿ 1918ರಲ್ಲಿ ತುರ್ಕು ಊರಿನಲ್ಲಿ ಓಬೊ ಅಕಾಡೆಮಿ ಎಂಬ ವಿಶ್ವವಿದ್ಯಾಲಯ ಕಟ್ಟಿದರು. ಓಬೊ ಅಂದರೆ ತುರ್ಕುವಿನ ಸ್ವೀಡಿಷ್ ಹೆಸರು.

ಅಲ್ಲಿನವರು ಮಾಡಿದ ಒಂದು ಕೆಲಸ ಹೇಳುತ್ತೇನೆ. ಫಿನ್‌ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳಲ್ಲಿ ಸ್ವೀಡಿಷ್ ಮಾತಾಡುವವರೇ ಜಾಸ್ತಿ. ಅಲ್ಲಿ ಮಧ್ಯಯುಗದ ಕಲ್ಲಿನ ಚರ್ಚುಗಳಿವೆ. ಕಟ್ಟಿದ್ದು ಯಾವಾಗ ಅಂತ ಹೇಳುವ ಕಾಗದಪತ್ರ ಇಲ್ಲ. ಅಕಾಡೆಮಿಯ ಕಲಾ ಇತಿಹಾಸಕಾರರು ವಿಜ್ಞಾನಿಗಳ ಜತೆ ಸೇರಿ ಗೋಡೆಯ ಗಾರೆಯನ್ನೇ ಕೇಳಿದರು. ಸುಣ್ಣದ ಗಾರೆ ಗಟ್ಟಿಯಾಗುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ ಅಲ್ವಾ? ಆ ಇಂಗಾಲದಲ್ಲಿ ಕಾಲ ಕಳೆದಂತೆ ಕಡಿಮೆಯಾಗುವ ಇಂಗಾಲ-14 ಎಷ್ಟು ಉಳಿದಿದೆ ಅಂತ ಅಳೆದರೆ ಕಲ್ಲು ಕೂರಿಸಿದ ಕಾಲ ತಿಳಿಯುತ್ತದೆ. ಸರಿಯಾಗಿ ಬೇಯದ ಸುಣ್ಣದ ಕಲ್ಲಿನ ಚೂರು ಉಳಿದಿದ್ದರೆ ಅದರ ಹಳೆಯ ಇಂಗಾಲ ಬೆರೆತು ಲೆಕ್ಕ ತಪ್ಪುತ್ತದೆ. ಹಾಗಾಗಿ ಚಿಟಿಕೆ ಗಾರೆಗೂ ಎಷ್ಟೋ ತಾಳ್ಮೆ ಬೇಕು. ನಮ್ಮೂರಿನ ಗೋಡೆ ಅನ್ನುವ ಪ್ರೀತಿ ಇರುವವರಿಗೇ ಇಂಥ ತಾಳ್ಮೆ ಬರುತ್ತದೆ ಅಂತ ನನ್ನ ನಂಬಿಕೆ.

ಹಾಗಂತ ಅವರ ಕಣ್ಣು ಊರ ಗಡಿಯಲ್ಲೇ ನಿಂತಿಲ್ಲ. ಲಾರ್ಸ್-ಈವಾರ್ ರಿಂಗ್‌ಬೊಮ್ ಅಕಾಡೆಮಿಯಲ್ಲಿ ಕಲಾ ಇತಿಹಾಸದ ಪ್ರಾಧ್ಯಾಪಕರಾಗಿದ್ದರು, ಮುಂದೆ ಮಗ ಸಿಕ್ಸ್‌ಟೆನ್ ಕೂಡ. ತಂದೆಯ ದೊಡ್ಡ ಪುಸ್ತಕ ಜರ್ಮನ್ನಿನಲ್ಲಿದೆ, ಮಗನದು ಇಂಗ್ಲಿಷಿನಲ್ಲಿ. ಪಾಠದ ಭಾಷೆ ಮಾತ್ರ ಸ್ವೀಡಿಷ್. ಮನೆಮಾತಿನಲ್ಲಿ ಕಲಿತು ಬೇಕಾದ ಭಾಷೆಯಲ್ಲಿ ಬರೆಯಬಹುದು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ.

ರಷ್ಯಾದ ಚಿತ್ರಕಲಾವಿದ ಕಾಂದಿನ್‌ಸ್ಕಿಯ ಅಮೂರ್ತ ಚಿತ್ರಗಳನ್ನು ಬರೀ ಬಣ್ಣ-ಗೆರೆಗಳ ಜೋಡಣೆ ಅಂತ ನೋಡುವವರು ಬಹಳ ಮಂದಿ. ಸಿಕ್ಸ್‌ಟೆನ್ 1970ರ ಪುಸ್ತಕದಲ್ಲಿ ಅವುಗಳ ಹಿಂದೆ ಥಿಯಾಸಫಿಯ, ಅಂದರೆ ಎಲ್ಲ ಧರ್ಮಗಳ ಒಳಗೆ ಒಂದೇ ಗೂಢ ಸತ್ಯವಿದೆ ಅನ್ನುವ ಪಂಥದ, ವಿಚಾರಗಳಿವೆ ಎಂದು ತೋರಿಸಿದರು. ಆ ಜಾಡು ಆನಿ ಬೆಸೆಂಟ್, ಲೆಡ್‌ಬೀಟರ್ ಸೇರಿ ಬರೆದ 'ಥಾಟ್ ಫಾರ್ಮ್ಸ್'ಗೂ ಹೋಗುತ್ತದೆ. ಭಾವನೆಗಳಿಗೆ, ಸಂಗೀತಕ್ಕೆ ಬಣ್ಣ, ಆಕಾರ ಕೊಟ್ಟ ಪುಸ್ತಕ ಅದು.

ಥಿಯಾಸಫಿಯವರ ಮುಖ್ಯ ಕೇಂದ್ರ ನಿಮ್ಮ ಅಡ್ಯಾರಿನಲ್ಲೇ ಇದೆ. ಆ ಪುಸ್ತಕ ಕೈಗೆ ಸಿಕ್ಕರೆ ಜರ್ಮನ್ ಸಂಗೀತಕಾರ ವ್ಯಾಗ್ನರ್‌ನ ಸಂಗೀತದ ಚಿತ್ರ ನೋಡಿ. ಪುಟ್ಟ ಚರ್ಚು, ಅದರ ಮೇಲೆ ಬೆಟ್ಟದಂತೆ ಎದ್ದು ನಿಂತ ಬಣ್ಣ. ನೋಡಿದ ಮೇಲೆ ಮತ್ತೆ ಬರೆಯಿರಿ.

– ಸಂ.