ಮನೋರೋಗ ವಾರ್ಡಿನಲ್ಲಿ ಪೆಟ್ಟು ತಿಂದವರಿಗೆ ಕಾನೂನಿನ ಆಸರೆ ಇದೆಯೇ?

ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಉರಿಯಿತು. ಖಾಸಗಿ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದೀರಿ. ರೋಗಿಯೊಬ್ಬರು ಮುಖಕ್ಕೆ ಹೊಡೆದರು, ಮರುದಿನ ಅವರ ಅಣ್ಣ ಬಂದು ನಿಮ್ಮನ್ನು ಗೋಡೆಗೆ ತಳ್ಳಿದ. ಆಡಳಿತದವರು ‘ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ’ ಎಂದು ಕೈತೊಳೆದುಕೊಂಡರು. ಕಾನೂನಿನ ಆಸರೆ ಖಂಡಿತ ಇದೆ. ಆದರೆ ಈ ಎರಡು ಪೆಟ್ಟುಗಳನ್ನು ಕಾನೂನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಅಣ್ಣನ ವಿಷಯ ನೇರ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆಂದೇ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ (Karnataka Prohibition of Violence Against Medicare Service Personnel and Damage to Property in Medicare Service Institutions Act, 2009). ವೈದ್ಯರ ಜೊತೆಗೆ ನರ್ಸುಗಳು, ನರ್ಸಿಂಗ್ ವಿದ್ಯಾರ್ಥಿಗಳು, ಅರೆವೈದ್ಯಕೀಯ ಸಿಬ್ಬಂದಿಯೂ ಅದರ ವ್ಯಾಪ್ತಿಗೆ ಬರುತ್ತಾರೆ. ಇದು ಜಾಮೀನುರಹಿತ ಅಪರಾಧ. ದೂರಿನಲ್ಲಿ ಈ ಕಾಯ್ದೆಯ ಹೆಸರನ್ನು ನೀವೇ ಬರೆಯಿರಿ. ಮಾಮೂಲಿ ಜಗಳವೆಂದು ಬರೆದುಕೊಂಡು ಕಳಿಸಿಬಿಡುವ ಠಾಣೆಗಳೂ ಇವೆ.

ರೋಗಿಯ ವಿಷಯ ಬೇರೆ. ಮನಸ್ಸಿನ ಅಸ್ವಸ್ಥತೆಯಿಂದಾಗಿ ತಾನೇನು ಮಾಡುತ್ತಿದ್ದೇನೆಂದೇ ತಿಳಿಯದವರ ಕೃತ್ಯ ಅಪರಾಧವಲ್ಲ. ಹಿಂದೆ ಇದು ಭಾರತೀಯ ದಂಡ ಸಂಹಿತೆಯ 84ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. ರೋಗವಿದೆ ಎಂಬುದೊಂದೇ ಸಾಲದು, ಆ ಹೊತ್ತಿನ ಮನಃಸ್ಥಿತಿಯನ್ನು ನ್ಯಾಯಾಲಯ ನೋಡುತ್ತದೆ. ಈ ವಿನಾಯಿತಿ ನ್ಯಾಯವಾದದ್ದೆಂದೇ ನನ್ನ ನಂಬಿಕೆ. ಆದರೆ ಅದರ ಮರೆಯಲ್ಲಿ ಆಸ್ಪತ್ರೆ ಅಡಗಿಕೊಳ್ಳುವಂತಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾತ್ರಿ ಪಾಳಿ. ಇಪ್ಪತ್ತೆಂಟು ಹಾಸಿಗೆಗಳಿಗೆ ನಾನು, ಇನ್ನೊಬ್ಬ ಅಟೆಂಡರ್. ಮಾತ್ರೆ ಕೊಡಲು ಬಗ್ಗಿದಾಗ ವಯಸ್ಸಾದ ರೋಗಿಯೊಬ್ಬರು ನನ್ನ ಗುರುತಿನ ಚೀಟಿಯ ದಾರ ಹಿಡಿದು ತಿರುಚಿದರು. ಅಟೆಂಡರ್ ವಾರ್ಡಿನ ಇನ್ನೊಂದು ತುದಿಯಲ್ಲಿದ್ದರು. ಕೂಗಲು ನನಗೆ ಉಸಿರಿರಲಿಲ್ಲ. ಕೊರಳ ಸುತ್ತ ಎದ್ದ ಕೆಂಪು ಬರೆ ವಾರವಾದರೂ ಮಾಸಲಿಲ್ಲ. ಆ ತಾಯಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಔಷಧ ಹಿಡಿದ ಮೇಲೆ ಅವರೇ ನನ್ನ ಕೈ ಹಿಡಿದು ಅತ್ತರು. ಸಿಟ್ಟು ಬಂದದ್ದು, ‘ಇದನ್ನೆಲ್ಲ ವಾರ್ಡ್ ಪುಸ್ತಕದಲ್ಲಿ ಬರೆಯಬೇಡ’ ಎಂದ ಮೇಲಿನವರ ಮೇಲೆ.

ನೀವು ಬರೆಯಿರಿ. ಎಷ್ಟು ಗಂಟೆಗೆ ಆಯಿತು, ಪಾಳಿಯಲ್ಲಿ ಎಷ್ಟು ಜನ ಇದ್ದಿರಿ, ಎಲ್ಲವನ್ನೂ ಬರೆದು ಒಂದು ಪ್ರತಿ ಇಟ್ಟುಕೊಳ್ಳಿ. ಇದು ಕೆಲಸದ ವೇಳೆ ಆದ ಗಾಯ. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ, ಗಾಯದಿಂದ ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಿದ್ದಾಗ ವೇತನದ 90 ಶೇಕಡಾದಷ್ಟು ಹಣ ಸಿಗುತ್ತದೆ. ಹೊಡೆದವರು ತಪ್ಪಿತಸ್ಥರೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಇನ್ನೊಂದು ಮಾತು. ಜನ ಕಡಿಮೆ ಇದ್ದಾರೆ, ಕಟ್ಟಿಹಾಕಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ, ಸಿಬ್ಬಂದಿ ಕೊರತೆಯ ನೆಪದಲ್ಲಿ ರೋಗಿಯನ್ನು ಕಟ್ಟುವುದನ್ನು ನಿಷೇಧಿಸುತ್ತದೆ. ಹೆಚ್ಚು ಜನ ಬೇಕೆಂದು ಲಿಖಿತವಾಗಿ ಕೇಳುವಾಗ ಈ ಕಲಮನ್ನು ಉಲ್ಲೇಖಿಸಿ. ರೋಗಿಯನ್ನು ಕಾಯುವ ಕಾನೂನು ಅಲ್ಲಿ ನಿಮ್ಮನ್ನೂ ಕಾಯುತ್ತದೆ.

ಮುಖದ ಬಾವು ಇಳಿಯುವ ಮೊದಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯದ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಸಾಧ್ಯವಾದರೆ ಇವತ್ತೇ.